ಮಷೀನು ಹಳೆಯದು, ಕೈ ನಮ್ಮದು

(ಸ್ವಸಹಾಯ ಸಂಘಗಳ ಸದಸ್ಯೆಯರ ಕಿರು ಉದ್ದಿಮೆ ತರಬೇತಿಯಲ್ಲಿ ಸಿಸ್ಟರ್ ಅವರು ಆಡಿದ ಮಾತುಗಳ ಬರಹರೂಪ)

ಬೆಳಿಗ್ಗೆ ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡೆರಡು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ನಾವು ಉಪದೇಶ ಮಾಡೋದಿಲ್ಲ. ಮನೆಗೆ ಹೋದ ಮೇಲೆ ಕೆಲಸಕ್ಕೆ ಬರುವ ನಾಲ್ಕು ಮಾತು ಹೇಳುತ್ತೇವೆ.

ಇವತ್ತಿನ ವಿಷಯ ಹಳೆಯ ಕಾಫಿ ಮಷೀನನ್ನು ನೋಡಿಕೊಳ್ಳುವುದು. ವಿಷಯ ಕೇಳಿ ಕೆಲವರು ನಕ್ಕಿರಿ. "ಸಿಸ್ಟರೇ, ನಾವು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸೋರು, ನಮಗ್ಯಾಕೆ ಇಟಲಿ ಮಷೀನು?" ಅಂತ ಹಿಂದಿನ ಸಾಲಿನ ಅಜ್ಜಿ ಕೇಳಿಯೇ ಬಿಟ್ಟರು. ಕೇಳಿದ್ದು ಸರಿ. ಆದರೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಬೆಟ್ಟ ನೋಡಲು ಬರುವವರ ಕಾರು ಶನಿವಾರ, ಭಾನುವಾರ ಸಾಲುಗಟ್ಟಿ ನಿಲ್ಲುತ್ತವೆ. ಅವರು ಕ್ಯಾಂಟೀನಿಗೆ ಬಂದು "ಕ್ಯಾಪುಚಿನೊ ಇದೆಯಾ?" ಅಂತ ಕೇಳುತ್ತಾರೆ. ಪಟ್ಟಣದ ಕಾಫಿ ಅಂಗಡಿಗಳು ಮುಚ್ಚಿದಾಗ, ಮಷೀನು ಬದಲಿಸಿದಾಗ, ಹಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ನಮ್ಮ ಕೆಲವು ಸಂಘಗಳು ಸಾಲ ಮಾಡಿ ತಂದಿವೆ. ತರುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ.

ನಮ್ಮ ಕಡೆ 'ಎಸ್‌ಪ್ರೆಸೊ' ಅಂದರೆ ಎರಡು ವಸ್ತು ಇವೆ. ಒಂದು, ಮದುವೆ ಮನೆಗೆ ಬಾಡಿಗೆಗೆ ಬರುವ ಸ್ಟೀಮ್ ಮಷೀನು. ಲೋಟದಲ್ಲಿ ಹಾಲು, ಸಕ್ಕರೆ, ಕಾಫಿ ಪುಡಿ ಹಾಕಿ ಕೊಳವೆ ಇಳಿಸಿದರೆ ಬುಸ್ ಅಂತ ನೊರೆ ಏಳುತ್ತದೆ. ಅದು ಬರೀ ಹಬೆ ಕೊಡುವ ಬಾಯ್ಲರ್. ಇನ್ನೊಂದು ನಿಜವಾದ ಎಸ್‌ಪ್ರೆಸೊ ಮಷೀನು. ಅದರಲ್ಲಿ ಪಂಪು, ಬಿಸಿ ನೀರನ್ನು ಒತ್ತಡದಿಂದ ನುಣ್ಣನೆಯ ಕಾಫಿ ಪುಡಿಯ ಮೂಲಕ ನುಗ್ಗಿಸುತ್ತದೆ. ಇವತ್ತು ಹೆಚ್ಚಾಗಿ ಎರಡನೆಯದರ ಬಗ್ಗೆ ಮಾತು. ಆದರೆ ಸುರಕ್ಷತೆಯ ಮಾತು ಮದುವೆ ಮನೆ ಮಷೀನು ಇಟ್ಟುಕೊಂಡವರಿಗೂ ಅಷ್ಟೇ ಸೇರಿದ್ದು.

ಮೊದಲು ಒಂದು ನಡೆದ ಸಂಗತಿ ಹೇಳುತ್ತೇವೆ.

ಭಾನುವಾರ ಕೆಟ್ಟ ಮಷೀನು

ಕಡೂರು ಕಡೆಯ ಹೆದ್ದಾರಿ ಬದಿಯಲ್ಲಿ ನಮ್ಮ ಒಂದು ಸಂಘದ ಹನ್ನೆರಡು ಜನ ಕ್ಯಾಂಟೀನ್ ನಡೆಸುತ್ತಾರೆ. ಸಂಘದ ಹೆಸರು ಹೇಳೋದಿಲ್ಲ. "ಕಥೆ ಹೇಳಿ ಸಿಸ್ಟರ್, ಹೆಸರು ಬೇಡ" ಅಂತ ಅವರೇ ಅಂದಿದ್ದಾರೆ. ಮುಚ್ಚಿಹೋದ ಒಂದು ಕಾಫಿ ಅಂಗಡಿಯ ಎರಡು ಹ್ಯಾಂಡಲಿನ ಮಷೀನನ್ನು 90,000 ರೂಪಾಯಿ ಸಾಲ ಮಾಡಿ ತಂದರು. ಬೆಳಗಿನ ಪಾಳಿ ಸಂಘಕ್ಕೆ ಕೊನೆಗೆ ಸೇರಿದ ಒಬ್ಬ ತಂಗಿಯದು. ಗಂಡ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳು. ಆ ಪಾಳಿಯ ಕೂಲಿಯಲ್ಲೇ ಅವರ ಮನೆ ನಡೆಯಬೇಕು.

ಮೂರನೇ ತಿಂಗಳ ಒಂದು ಭಾನುವಾರ. ಗಿರಾಕಿ ತುಂಬಿದ್ದಾರೆ. ಆ ತಂಗಿ ಮಷೀನು ಹಾಕಿದರೆ ಪಂಪು ನಿಲ್ಲುತ್ತಲೇ ಇಲ್ಲ. ಬಾಯ್ಲರಿನ ಮುಳ್ಳು ಮೇಲೇಳುತ್ತಿಲ್ಲ. ಹಬೆ ಬರಬೇಕಾದ ಕೊಳವೆಯಲ್ಲಿ ನೀರು ಸುರಿದು ಹಾಲೆಲ್ಲ ನೀರಾಯಿತು. ಗಿರಾಕಿಗಳು ಎದ್ದು ಹೋದರು. ಪಟ್ಟಣದ ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಬಂದು ನೋಡದೆಯೇ "ಬಾಯ್ಲರ್ ಹೋಗಿದೆ, 45,000 ಆಗುತ್ತೆ" ಅಂದರು. ಗುಜರಿಯವರು ಬಂದು ತಾಮ್ರಕ್ಕೆ ಎಷ್ಟು, ಹಿತ್ತಾಳೆಗೆ ಎಷ್ಟು ಅಂತ ಲೆಕ್ಕ ಹೇಳಿದರು.

ಸೋಮವಾರ ಸಭೆ ಕರೆದರು, ನಮಗೂ ಹೇಳಿ ಕಳಿಸಿದರು. ನಾವು ಹೋಗುವಷ್ಟರಲ್ಲಿ ಸಭೆ ಕಾದ ಬಾಣಲೆಯಂತಿತ್ತು. "ಅವಳ ಕೈಗೆ ಕೊಟ್ಟಿದ್ದೇ ತಪ್ಪು. ನೀರು ನೋಡದೆ ಸುಟ್ಟಿದ್ದಾಳೆ. ಕಂತು ಅವಳೇ ಕಟ್ಟಲಿ" ಅಂತ ಅಧ್ಯಕ್ಷೆ ಅಕ್ಕ ಜೋರು ಮಾಡುತ್ತಿದ್ದರು. ಆ ತಂಗಿ ಒಂದು ಮಾತೂ ಆಡದೆ ಪಾಸ್ ಪುಸ್ತಕವನ್ನು ಚಾಪೆಯ ಮೇಲಿಟ್ಟು, "ನನ್ನ ಉಳಿತಾಯ ಹಿಡ್ಕೊಳ್ಳಿ, ನಾನು ಸಂಘ ಬಿಡ್ತೀನಿ" ಅಂದರು.

ಮಷೀನಿನ ವಿದ್ಯೆ ನಮಗೂ ಅಷ್ಟಾಗಿ ಗೊತ್ತಿರಲಿಲ್ಲ. ಸಂಘಗಳ ಜಗಳ ಬಿಡಿಸಿ ಬಿಡಿಸಿ ಒಂದು ಪ್ರಶ್ನೆ ಮಾತ್ರ ಅಭ್ಯಾಸವಾಗಿದೆ. "ಯಾರು ಮಾಡಿದ್ರು ಅಂತ ಆಮೇಲೆ ನೋಡೋಣ. ಶುಕ್ರವಾರ ಮಷೀನು ಚೆನ್ನಾಗಿತ್ತು. ಶುಕ್ರವಾರದಿಂದ ಭಾನುವಾರದೊಳಗೆ ಏನು ಬದಲಾಯ್ತು?" ಅಂತ ಕೇಳಿದೆವು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಅಧ್ಯಕ್ಷೆ ಅಕ್ಕ ಸಣ್ಣ ದನಿಯಲ್ಲಿ ಹೇಳಿದರು: "ಬೋರ್‌ವೆಲ್ ನೀರಿಗೆ ಬಿಳಿ ಬಿಳಿ ಕಟ್ಟುತ್ತೆ ಅಂತ, ಶನಿವಾರ ರಾತ್ರಿ ಹಳೇ ನೀರೆಲ್ಲ ಖಾಲಿ ಮಾಡಿ, ಶುದ್ಧ ನೀರಿನ ಘಟಕದ ಕ್ಯಾನ್ ಇಟ್ಟೆ. ಒಳ್ಳೇದಕ್ಕೇ ಮಾಡ್ದೆ ಸಿಸ್ಟರ್."

ಆ ಊರಿನಲ್ಲಿ ಪಂಪ್‌ಸೆಟ್ ಮೋಟಾರು ಕಟ್ಟುವ ಒಬ್ಬ ಹಿರಿಯರನ್ನು ಕರೆಸಿದೆವು. ಮುಚ್ಚಳ ತೆಗೆದು ನೋಡಿ, ಬಾಯ್ಲರಿನ ಮೇಲಿನ ಕಡ್ಡಿಯಿಂದ ಒಂದು ವೈರು ಬಿಚ್ಚಿ ಬಾಯ್ಲರಿನ ಮೈಗೆ ತಾಗಿಸಿದರು. ಪಂಪು ತಟ್ಟನೆ ನಿಂತಿತು! ಅವರು ಹೇಳಿದ್ದು ಇಷ್ಟು: ಆ ಕಡ್ಡಿ ನೀರಿನ ಮಟ್ಟ ನೋಡುವ ಕಾವಲುಗಾರ. ನೀರು ಕಡ್ಡಿಯನ್ನು ಮುಟ್ಟಿದಾಗ ನೀರಿನ ಮೂಲಕ ತುಸು ವಿದ್ಯುತ್ ಹರಿದು "ಸಾಕು, ತುಂಬಿತು" ಅಂತ ಪಂಪಿಗೆ ತಿಳಿಯುತ್ತದೆ. ನೀರಿನಲ್ಲಿ ಖನಿಜಗಳು ಕರಗಿದ್ದರೆ ಮಾತ್ರ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಆರ್‌ಓ ಘಟಕದಲ್ಲಿ ಖನಿಜ ತೀರ ಕಡಿಮೆಯಾದ ನೀರು ಬಂದರೆ, ಕಡ್ಡಿ ಮುಳುಗಿದರೂ ಮಷೀನಿಗೆ ಗೊತ್ತಾಗುವುದಿಲ್ಲ. ಪಂಪು ತುಂಬುತ್ತಲೇ ಇರುತ್ತದೆ. ಬಾಯ್ಲರ್ ಕಂಠಮಟ್ಟ ತುಂಬಿದ ಮೇಲೆ ಹಬೆಗೆ ಜಾಗ ಎಲ್ಲಿದೆ? (ವೈರು ಬಿಚ್ಚುವ ಕೆಲಸ ಬಲ್ಲವರದ್ದು. ನೀವು ಮಾಡಬೇಡಿ.)

ಸ್ವಿಚ್ ಆರಿಸಿ, ಬಾಯ್ಲರ್ ತಣಿದ ಮೇಲೆ ನೀರು ಇಳಿಸಿ, ಬೋರ್‌ವೆಲ್ ನೀರು ಸೇರಿಸಿದರು. ಸಂಜೆ ಐದಕ್ಕೆ ಮಷೀನು ಬುಸ್ ಅಂದಿತು. ಅವರು ತೆಗೆದುಕೊಂಡ ಕೂಲಿ 500 ರೂಪಾಯಿ. ಬಾಯ್ಲರಿಗೆ ಏನೂ ಆಗಿರಲಿಲ್ಲ.

ಅಧ್ಯಕ್ಷೆ ಅಕ್ಕ ಚಾಪೆಯ ಮೇಲಿದ್ದ ಪಾಸ್ ಪುಸ್ತಕವನ್ನು ಎತ್ತಿ ಆ ತಂಗಿಯ ಕೈಗೆ ಕೊಟ್ಟರು. "ತಪ್ಪಾಯ್ತು ಕಣವ್ವ" ಅಂದರು. ಅದನ್ನು ನಡಾವಳಿ ಪುಸ್ತಕದಲ್ಲೂ ಬರೆಸಿದರು. ನೋಡಿ, 500 ರೂಪಾಯಿಯ ತೊಂದರೆಗೆ 90,000ದ ಮಷೀನು ಗುಜರಿಗೆ ಹೋಗುವುದರಲ್ಲಿತ್ತು. ಅದಕ್ಕಿಂತ ದೊಡ್ಡದಾಗಿ, ಒಬ್ಬ ತಾಯಿಯ ಅನ್ನ ಹೋಗುವುದರಲ್ಲಿತ್ತು.

ಹೊಟ್ಟೆಯೊಳಗೆ ಏನಿದೆ?

ಭಯ ಹೋಗಬೇಕಾದರೆ ಒಳಗೆ ಏನಿದೆ ಅಂತ ತಿಳಿಯಬೇಕು. ನಿಮಗೆಲ್ಲ ಪ್ರೆಷರ್ ಕುಕ್ಕರ್ ಗೊತ್ತು. ಅದರ ರಬ್ಬರ್, ವಿಷಲ್, ಸೇಫ್ಟಿ ವಾಲ್ವ್ ಗೊತ್ತು. ಹಾಗಾದರೆ ಈ ಮಷೀನಿನ ಅರ್ಧ ನಿಮಗೆ ಗೊತ್ತಾದಂತೆಯೇ.

ಬಾಯ್ಲರ್ ಅಂದರೆ ದೊಡ್ಡ ಕುಕ್ಕರ್. ಎರಡು ಹ್ಯಾಂಡಲಿನ ಮಷೀನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಲೀಟರಿನದು ಇರುತ್ತದೆ. ಒಳಗೆ ಹೀಟರ್ ಕಾಯಿಲ್. ಒತ್ತಡ ಸಾಕಷ್ಟಾದಾಗ ಕಾಯಿಲನ್ನು ಆರಿಸಿ, ಇಳಿದಾಗ ಹೊತ್ತಿಸುವುದು ಪ್ರೆಷರ್ ಸ್ವಿಚ್. ಎದುರಿಗೆ ಎರಡು ಮುಳ್ಳಿನ ಗೇಜು. ಬಾಯ್ಲರಿನ ಮುಳ್ಳು 1ರಿಂದ 1.3 ಬಾರ್ ಒಳಗೆ ನಿಲ್ಲಬೇಕು. ಮನೆಯ ಕುಕ್ಕರಿನ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಕುಕ್ಕರ್ ಅರ್ಧ ಗಂಟೆ ಒಲೆಯ ಮೇಲಿರುತ್ತದೆ, ಇದು ಇಡೀ ದಿನ. ಒಳಗಿನ ನೀರು 120 ಡಿಗ್ರಿ ಆಸುಪಾಸು ಇರುತ್ತದೆ. ಪಂಪಿನ ಮುಳ್ಳು, ಕಾಫಿ ಇಳಿಯುವಾಗ ಸುಮಾರು 9 ಬಾರ್ ತೋರಿಸಬೇಕು. ಹ್ಯಾಂಡಲ್ ಸಿಕ್ಕಿಸುವ ದಪ್ಪ ಹಿತ್ತಾಳೆ ಭಾಗಕ್ಕೆ ಗ್ರೂಪ್ ಅನ್ನುತ್ತಾರೆ. ಅದರೊಳಗೆ ಒಂದು ರಬ್ಬರ್ ವಾಷರ್, ಒಂದು ಜಾಲರಿ.

ಹಳೆಯ ಮಷೀನು ಅಂತ ಕೀಳು ಭಾವನೆ ಬೇಡ. ಇಟಲಿಯ ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಇಂಥ ಮಷೀನಿಗೆ ಪೇಟೆಂಟ್ ಪಡೆದರು. 1961ರಲ್ಲಿ ಫೇಮಾ ಕಂಪನಿ ಪಂಪು ಇರುವ ಇ61 ಎಂಬ ಮಾದರಿ ತಂದಿತು. ಆ ಮಾದರಿಯ ಗ್ರೂಪನ್ನು ಇಂದಿಗೂ ಹಲವು ಕಂಪನಿಗಳು ಬಳಸುತ್ತವೆ. ತಾಮ್ರ, ಹಿತ್ತಾಳೆಯ ಈ ಮಷೀನುಗಳನ್ನು ಬಿಚ್ಚಿ, ತೊಳೆದು, ಒಂದೊಂದೇ ಭಾಗ ಬದಲಿಸಿ ಎಷ್ಟೋ ವರ್ಷ ನಡೆಸಬಹುದು. ಇವು ವಯಸ್ಸಿನಿಂದ ಕೆಡುವುದಕ್ಕಿಂತ ನೀರು, ಕೊಳೆ, ಉದಾಸೀನ ಈ ಮೂರರಿಂದ ಕೆಡುವುದೇ ಹೆಚ್ಚು.

ನೀರೇ ಮೊದಲ ಔಷಧಿ

ಮಲೆನಾಡಿನ ಹಳ್ಳದ ನೀರು ಮೆದು. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರೋದಿಲ್ಲ, ಪಾತ್ರೆಯಲ್ಲಿ ಬಿಳಿ ಕಟ್ಟುತ್ತದೆ. ಅದೇ ಬಿಳಿ ಬಾಯ್ಲರಿನೊಳಗೆ ಹೀಟರ್ ಕಾಯಿಲಿಗೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ಕಾಯಿಲಿನ ಬಿಸಿ ನೀರಿಗೆ ಹೋಗದೆ ಕಾಯಿಲೇ ಸುಡುತ್ತದೆ. ಸಣ್ಣ ತೂತುಗಳು ಮುಚ್ಚುತ್ತವೆ. ಹಾಗಂತ ಬರೀ ಆರ್‌ಓ ನೀರು ಹಾಕಿದರೆ ಏನಾಗಬಹುದು ಅಂತ ಈಗ ಕೇಳಿದಿರಿ.

ದಾರಿ ಏನು? ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಎಂಬ ಸಿಲಿಂಡರ್ ಸಿಗುತ್ತದೆ. ಅದರೊಳಗಿನ ಸಣ್ಣ ಮಣಿಗಳು ಸುಣ್ಣದ ಅಂಶ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಸುಣ್ಣ ಕಟ್ಟುವುದಿಲ್ಲ, ಕಾವಲು ಕಡ್ಡಿಯೂ ಕೆಲಸ ಮಾಡುತ್ತದೆ. ಆ ಮಣಿಗಳನ್ನು ಆಗಾಗ ಕಲ್ಲುಪ್ಪಿನಿಂದ ತೊಳೆದು ಮತ್ತೆ ಶಕ್ತಿ ತುಂಬಬೇಕು. ಎಷ್ಟು ಉಪ್ಪು, ಎಷ್ಟು ದಿನಕ್ಕೊಮ್ಮೆ ಅಂತ ಸಿಲಿಂಡರಿನ ಜೊತೆ ಬರುವ ಪಟ್ಟಿಯಲ್ಲಿರುತ್ತದೆ. ತೊಳೆದ ಮೇಲೆ ಉಪ್ಪಿನ ರುಚಿ ಹೋಗುವ ತನಕ ನೀರು ಹೊರಗೆ ಬಿಡಬೇಕು. ಸಾಫ್ಟ್‌ನರ್ ಕೆಲಸ ಮಾಡುತ್ತಿದೆಯೋ ಅಂತ ನೋಡಲು ಒಂದು ಬಾಟಲಿ ನೀರಿಗೆ ಚೂರು ಬಟ್ಟೆ ಸೋಪು ಹಾಕಿ ಕುಲುಕಿ. ನೊರೆ ಚೆನ್ನಾಗಿ ಬಂದರೆ ಸರಿ. ಒಡೆದ ಹಾಲಿನಂತಾದರೆ ಉಪ್ಪು ಹಾಕುವ ಸಮಯ ಬಂತು. ನಿಮ್ಮ ನೀರು ಎಷ್ಟು ಗಡಸು ಅಂತ ಒಮ್ಮೆ ಪರೀಕ್ಷೆ ಮಾಡಿಸಿ ಪುಸ್ತಕದಲ್ಲಿ ಬರೆದಿಡಿ.

ದಿನದ ಕೆಲಸ, ವಾರದ ಕೆಲಸ

ಬೆಳಿಗ್ಗೆ: ಕ್ಯಾನಿನಲ್ಲಿ ಅಥವಾ ಟ್ಯಾಂಕಿನಲ್ಲಿ ನೀರಿದೆಯಾ, ನಲ್ಲಿ ತೆರೆದಿದೆಯಾ ನೋಡಿ, ಆಮೇಲೆ ಸ್ವಿಚ್ ಹಾಕಿ. ಬಾಯ್ಲರಿನಲ್ಲಿ ನೀರಿನ ಮಟ್ಟ ತೋರಿಸುವ ಗಾಜಿದ್ದರೆ ನೋಡಿ. ಹಿತ್ತಾಳೆ ಎಲ್ಲ ಸರಿಯಾಗಿ ಕಾಯಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಅವಸರ ಮಾಡಬೇಡಿ.

ಹಾಲು ಕಾಯಿಸುವಾಗ: ಕೊಳವೆ ಹಾಲಿಗೆ ಇಳಿಸುವ ಮೊದಲೂ ತೆಗೆದ ಮೇಲೂ ಒಂದು ಕ್ಷಣ ಹಬೆ ಬಿಡಿ. ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆ ಕೊಳವೆಗೆ ಮಾತ್ರ, ಮೇಜು ಒರೆಸಲು ಬೇರೆ. ಕೊಳವೆಯನ್ನು ಹಾಲಿನಲ್ಲಿ ಬಿಟ್ಟು ಮಷೀನು ಆರಿಸಲೇಬೇಡಿ. ಬಾಯ್ಲರ್ ತಣಿಯುವಾಗ ಒಳಗೆ ಗಾಳಿ ಕಡಿಮೆಯಾಗಿ ಹಾಲನ್ನೇ ಒಳಕ್ಕೆ ಹೀರಿಕೊಳ್ಳಬಹುದು. ಆಮೇಲೆ ಕೆಟ್ಟ ಹಾಲಿನ ನಾತ ಹೋಗಿಸಲು ಹೆಣಗಬೇಕು.

ಪ್ರತಿ ಕಾಫಿಯ ನಂತರ: ಹ್ಯಾಂಡಲಿನ ಚರಟ ಕೊಡವಿ, ಗ್ರೂಪಿನಿಂದ ಎರಡು ಸೆಕೆಂಡು ನೀರು ಬಿಟ್ಟು ಜಾಲರಿ ತೊಳೆಯಿರಿ.

ರಾತ್ರಿ: ತೂತಿಲ್ಲದ ಬಟ್ಟಲನ್ನು ಹ್ಯಾಂಡಲಿಗೆ ಹಾಕಿ, ಕಾಫಿ ಮಷೀನಿಗೆಂದೇ ಸಿಗುವ ತೊಳೆಯುವ ಪುಡಿ ಸ್ವಲ್ಪ ಹಾಕಿ ಸಿಕ್ಕಿಸಿ. ಹತ್ತು ಸೆಕೆಂಡು ಪಂಪು ಹಾಕಿ, ಹತ್ತು ಸೆಕೆಂಡು ನಿಲ್ಲಿಸಿ. ಹೀಗೆ ಐದಾರು ಸಲ. ಆಮೇಲೆ ಪುಡಿ ಇಲ್ಲದೆ, ನೀರು ತಿಳಿಯಾಗುವ ತನಕ ಮತ್ತೆ ಐದಾರು ಸಲ. ಒಳಗಿನ ಕಾಫಿ ಎಣ್ಣೆ ಕರಗಿ ಹೋಗುತ್ತದೆ. ಬಟ್ಟೆ ಸೋಪಿನ ಪುಡಿ, ಪಾತ್ರೆ ಪುಡಿ ಬೇಡ. ಕೈಯಿಂದ ಸನ್ನೆ ಎಳೆಯುವ ಸ್ಪ್ರಿಂಗ್ ಮಷೀನುಗಳಲ್ಲಿ ಈ ವಿಧಾನ ಮಾಡಲೇಬಾರದು. ಕೆಳಗಿನ ತಟ್ಟೆ ತೊಳೆದು, ಚರಂಡಿ ಕೊಳವೆಗೆ ಒಂದು ಚೊಂಬು ಬಿಸಿನೀರು ಸುರಿಯಿರಿ.

ವಾರಕ್ಕೊಮ್ಮೆ: ತಣಿದ ಮೇಲೆ ಜಾಲರಿ ಬಿಚ್ಚಿ, ಬಟ್ಟಲುಗಳ ಜೊತೆ ತೊಳೆಯುವ ಪುಡಿಯ ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿ. ರಬ್ಬರ್ ವಾಷರ್ ಸುತ್ತ ಬ್ರಶ್ ಆಡಿಸಿ. ಪುಡಿ ಮಾಡುವ ಗ್ರೈಂಡರಿನ ಪ್ಲಗ್ ಕಿತ್ತು ಒಣ ಬ್ರಶ್‌ನಿಂದ ಗುಡಿಸಿ.

ಪುಡಿಯ ಬಗ್ಗೆ ಒಂದು ಮಾತು. ನಮ್ಮ ಫಿಲ್ಟರ್ ಕಾಫಿಯ ಚಿಕೋರಿ ಬೆರೆತ ಪುಡಿ ಇದಕ್ಕೆ ಆಗದು. ಅಂಟಂಟಾಗಿ ಜಾಲರಿಯಲ್ಲಿ ಕೂರುತ್ತದೆ. ಚಿಕೋರಿ ಇಲ್ಲದ ಬೀಜವನ್ನು ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿ. ದೇಶದ ಕಾಫಿಯಲ್ಲಿ ಹೆಚ್ಚು ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದ್ದೇ. ಒಳ್ಳೆಯ ಬೀಜಕ್ಕೆ ದೂರ ಹೋಗಬೇಕಾಗಿಲ್ಲ.

ತೊಂದರೆ ಬಂದಾಗ

ಮೊದಲು ಕೈ ನಿಲ್ಲಿಸಿ. ಮುಳ್ಳು ನೋಡಿ, ಶಬ್ದ ಕೇಳಿ, ಏನು ಬದಲಾಗಿದೆ ಯೋಚಿಸಿ. ಆಮೇಲೆ ಈ ಪಟ್ಟಿ ನೋಡಿ.

ಮಷೀನು ಕಾಯುತ್ತಲೇ ಇಲ್ಲ: ಎಂಸಿಬಿ ಬಿದ್ದಿದೆಯಾ ನೋಡಿ. ಒಮ್ಮೆ ಎತ್ತಿ. ಮತ್ತೆ ಬಿದ್ದರೆ ಎತ್ತಬೇಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಎಂಸಿಬಿ ಸರಿ ಇದ್ದರೆ ಪ್ರೆಷರ್ ಸ್ವಿಚ್ಚೋ ಕಾಯಿಲೋ ಹೋಗಿರಬಹುದು. ನೀರು ಕಡಿಮೆಯಾಗಿ ಒಳಗಿನ ರಕ್ಷಣಾ ಸ್ವಿಚ್ ಬಿದ್ದಿರಲೂಬಹುದು. ಅದೂ ಬಲ್ಲವರ ಕೆಲಸ.

ತುಂಬ ನಿಧಾನ ಕಾಯುತ್ತದೆ: ಮೊದಲು ವೋಲ್ಟೇಜ್ ಅಳೆಸಿ. 230 ಇರಬೇಕಾದಲ್ಲಿ 180 ಇದ್ದರೆ ಕಾಯಿಲಿನ ಶಕ್ತಿ ಸುಮಾರು 60 ಭಾಗಕ್ಕೆ ಇಳಿಯುತ್ತದೆ. ಮಷೀನಿನ ತಪ್ಪಲ್ಲ. ವೋಲ್ಟೇಜ್ ಸರಿ ಇದ್ದರೆ ಕಾಯಿಲಿಗೆ ಸುಣ್ಣ ಕಟ್ಟಿರಬಹುದು.

ಮುಳ್ಳು ಮೇಲಿದೆ, ಹಬೆ ಮಾತ್ರ ಒಂದು ಕ್ಷಣ ಬಂದು ನಿಲ್ಲುತ್ತದೆ: ಬಾಯ್ಲರಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಗಾಳಿ ಬಿಡುವ ಪುಟ್ಟ ವಾಲ್ವ್ ಅಂಟಿರುತ್ತದೆ. ಸದ್ಯಕ್ಕೆ ಹಬೆ ನಲ್ಲಿ ತುಸು ತೆರೆದು ಗಾಳಿ ಬಿಡಿ, ವಾಲ್ವ್ ಬದಲಿಸಲು ಹೇಳಿ.

ಹ್ಯಾಂಡಲಿನ ಸುತ್ತ ನೀರು ಸೋರುತ್ತದೆ: ಮೊದಲು ವಾಷರಿಗೆ ಅಂಟಿದ ಪುಡಿ ತೆಗೆಯಿರಿ. ಆದರೂ ಸೋರಿದರೆ ವಾಷರ್ ಕಲ್ಲಾಗಿದೆ, ಬದಲಿಸಿ. ಕುಕ್ಕರ್ ರಬ್ಬರಿನಂತೆ ಇದೂ ಸವೆಯುವ ವಸ್ತು. ಒಂದೆರಡು ಜೊತೆ ತಂದಿಟ್ಟುಕೊಳ್ಳಿ. ಸೋರುತ್ತದೆ ಅಂತ ಮೈಬಲವೆಲ್ಲ ಹಾಕಿ ಹ್ಯಾಂಡಲ್ ತಿರುವಬೇಡಿ.

ಕಾಫಿ ಹನಿಹನಿಯಾಗಿ ಇಳಿಯುತ್ತದೆ: ಹ್ಯಾಂಡಲ್ ತೆಗೆದು ಬರೀ ನೀರು ಬಿಟ್ಟು ನೋಡಿ. ನೀರು ಧಾರಾಳವಾಗಿ ಬಂದರೆ ಮಷೀನು ಸರಿ ಇದೆ, ಪುಡಿ ಅತಿ ನುಣ್ಣಗಾಗಿದೆ ಅಥವಾ ಹೆಚ್ಚಾಗಿದೆ. ನೀರೂ ಹನಿಯಾದರೆ ಜಾಲರಿ ತೊಳೆಯಿರಿ. ಆಗಲೂ ಹಾಗೆಯೇ ಇದ್ದರೆ ಒಳಗಿನ ಸಣ್ಣ ತೂತು ಸುಣ್ಣದಿಂದ ಮುಚ್ಚಿದೆ.

ಕಾಫಿ ಸರ್ರನೆ ನೀರಾಗಿ ಇಳಿಯುತ್ತದೆ: ಪುಡಿ ದಪ್ಪ, ಇಲ್ಲವೇ ಹಳೆಯದು, ಇಲ್ಲವೇ ಗ್ರೈಂಡರಿನ ಹಲ್ಲು ಸವೆದಿದೆ. ಎರಡು ಕಪ್ಪಿಗೆ 14ರಿಂದ 18 ಗ್ರಾಂ ಪುಡಿ, 25ರಿಂದ 30 ಸೆಕೆಂಡು. ಈ ಲೆಕ್ಕ ಗೋಡೆಗೆ ಅಂಟಿಸಿ.

ಹ್ಯಾಂಡಲ್ ಬಿಚ್ಚುವಾಗ ಬಿಸಿನೀರು ಎರಚುತ್ತದೆ: ಪಂಪು ನಿಂತಾಗ ಒತ್ತಡ ಹೊರಬಿಡುವ ವಾಲ್ವ್ ಕಾಫಿ ಕೊಳೆಯಿಂದ ಕಟ್ಟಿದೆ. ರಾತ್ರಿಯ ತೊಳೆಯುವಿಕೆ ತಪ್ಪಿಸಿದ್ದೀರಿ ಅಂತ ಅರ್ಥ! ತೊಳೆದು ನೋಡಿ. ಸರಿಯಾಗುವ ತನಕ ಒಂದು ನಿಮಿಷ ಕಾದು ನಿಧಾನ ಬಿಚ್ಚಿ.

ಪಂಪು ಕಿರುಚುತ್ತದೆ: ನೀರು ಬರುತ್ತಿಲ್ಲ. ತಕ್ಷಣ ಆರಿಸಿ. ಕ್ಯಾನ್ ಖಾಲಿಯೋ, ನಲ್ಲಿ ಮುಚ್ಚಿದೆಯೋ, ಸೋಸುವ ಫಿಲ್ಟರ್ ಕಟ್ಟಿದೆಯೋ ನೋಡಿ. ಒಣಗಿ ಓಡಿದ ಪಂಪು ಬೇಗ ಸಾಯುತ್ತದೆ.

ಕೈ ಹಾಕಬಾರದ ಜಾಗ

ಈಗ ಹೇಳುವುದನ್ನು ದಯವಿಟ್ಟು ಎಲ್ಲರೂ ಗಮನವಿಟ್ಟು ಕೇಳಿ. ಬಾಯ್ಲರಿನ ಮೇಲೆ ಸೇಫ್ಟಿ ವಾಲ್ವ್ ಇದೆ. ಪ್ರೆಷರ್ ಸ್ವಿಚ್ ಕೆಟ್ಟು ಒತ್ತಡ ಮಿತಿಮೀರಿದರೆ, ಹೆಚ್ಚಿನ ಮಷೀನುಗಳಲ್ಲಿ 2 ಬಾರ್ ಹತ್ತಿರ, ಅದು ತಾನೇ ತೆರೆದು ಹಬೆ ಬಿಡುತ್ತದೆ. ಒಂದು ಮದುವೆ ಮಂಟಪದ ಸ್ಟೀಮ್ ಮಷೀನಿನಲ್ಲಿ, ಹಬೆ ಸೋರುತ್ತದೆ ಅಂತ ಆ ವಾಲ್ವನ್ನೇ ಕಟ್ಟುವ ತಂತಿಯಿಂದ ಬಿಗಿದಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸುತ್ತ ಮಕ್ಕಳು ಲೋಟ ಹಿಡಿದು ನಿಂತಿದ್ದರು. ಆರಿಸಿ ಅಂತ ಕೂಗಿದಾಗ "ಏನೂ ಆಗಲ್ಲ ಸಿಸ್ಟರ್, ಎರಡು ವರ್ಷದಿಂದ ಹೀಗೇ ಇದೆ" ಅಂದರು. ಎರಡು ವರ್ಷ ಆಗದೇ ಇದ್ದದ್ದು ಒಂದು ನಿಮಿಷದಲ್ಲಿ ಆಗುತ್ತದೆ, ತಾಯಂದಿರೇ. ಸೇಫ್ಟಿ ವಾಲ್ವ್ ಶಬ್ದ ಮಾಡಿದರೆ, ಮುಳ್ಳು ಕೆಂಪಿಗೆ ಹೋದರೆ, ಮುಖ್ಯ ಸ್ವಿಚ್ ಆರಿಸಿ ದೂರ ನಿಲ್ಲಿ. ತಂತಿ, ಬೆಣೆ, ಎಂ-ಸೀಲ್ ಯಾವುದೂ ಬೇಡ. ಗಿರಾಕಿ ಹೋದರೆ ನಾಳೆ ಬರುತ್ತಾರೆ.

ವಿದ್ಯುತ್ತಿನ ಮಾತೂ ಹಾಗೆಯೇ. ಇಂಥ ಮಷೀನು 3ರಿಂದ 4 ಕಿಲೋವ್ಯಾಟ್ ಎಳೆಯುತ್ತದೆ. ಮನೆಯ ಸಾಮಾನ್ಯ ಪ್ಲಗ್ಗಿಗೆ ಇದು ಹೊರೆ. ಬೇರೆ ದಪ್ಪ ವೈರು, ಅದಕ್ಕೆ ತಕ್ಕ ಎಂಸಿಬಿ, ಶಾಕ್ ಹೊಡೆಯದಂತೆ ತಡೆಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಒಳ್ಳೆಯ ಅರ್ಥಿಂಗ್ ಇರಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ. ಮೈ ಮುಟ್ಟಿದಾಗ ಚುರುಕ್ ಅಂದರೆ ಅವತ್ತೇ ನಿಲ್ಲಿಸಿ.

ಹೊರಗಿನ ತೊಳೆಯುವುದು, ಜಾಲರಿ, ವಾಷರ್, ಸಾಫ್ಟ್‌ನರ್ ನಮ್ಮ ಕೆಲಸ. ಮುಚ್ಚಳದ ಒಳಗಿನದು, ಅಂದರೆ ವೈರು, ಕಾಯಿಲ್, ಪ್ರೆಷರ್ ಸ್ವಿಚ್, ಸೇಫ್ಟಿ ವಾಲ್ವ್, ಬಾಯ್ಲರಿನ ಸುಣ್ಣ ತೆಗೆಯುವುದು ಬಲ್ಲವರ ಕೆಲಸ. ಆದರೆ ಅವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, "ಇದು ಯಾಕೆ?" ಅಂತ ಕೇಳಿ. ತೆಗೆದ ಹಳೆಯ ಭಾಗವನ್ನು ಕೈಗೆ ತೆಗೆದುಕೊಂಡು, ಹೆಸರು ಬರೆದಿಡಿ.

ಯಾರಿಗಾದರೂ ಹಬೆ ತಗುಲಿದರೆ ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಬಳೆ, ಉಂಗುರ ಬೇಗ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ತುಪ್ಪ, ಐಸ್ ಬೇಡ. ಸುಟ್ಟಿದ್ದು ದೊಡ್ಡದಿದ್ದರೆ, ಮುಖಕ್ಕೆ ತಗುಲಿದ್ದರೆ 108ಕ್ಕೆ ಫೋನ್ ಮಾಡಿ.

ದುಡ್ಡಿನ ಮಾತು

ಹಳೆಯ ಮಷೀನು ಕೊಳ್ಳುವಾಗ ಫೋಟೋ ನೋಡಿ ಮುಂಗಡ ಕೊಡಬೇಡಿ. ಮಾರುವವರ ಬಳಿಯೇ ಒಂದು ಗಂಟೆ ಕಾಯಿಸಿ ನೋಡಿ. ಎರಡೂ ಮುಳ್ಳು ಸರಿ ನಿಲ್ಲುತ್ತವೆಯಾ, ಎಲ್ಲಾದರೂ ಸೋರುತ್ತದೆಯಾ, ಹತ್ತು ಕಾಫಿ ಸಾಲಾಗಿ ಬರುತ್ತದೆಯಾ ನೋಡಿ. ಹಿಂದಿನ ತಗಡಿನಲ್ಲಿ ಎಷ್ಟು ವ್ಯಾಟ್, ಸಿಂಗಲ್ ಫೇಸೋ ತ್ರೀ ಫೇಸೋ ಓದಿ. ಬಿಡಿಭಾಗ ಸಿಗುತ್ತದೆಯಾ ವಿಚಾರಿಸಿ.

ದಿನಕ್ಕೆ 20 ರೂಪಾಯಿ ದುರಸ್ತಿ ಡಬ್ಬಿಗೆ ಹಾಕಿ. ತಿಂಗಳಿಗೆ 26 ದಿನ ಹಿಡಿದರೆ 520, ವರ್ಷಕ್ಕೆ 6,240. ವಾಷರ್, ಜಾಲರಿ, ತೊಳೆಯುವ ಪುಡಿ, ಒಮ್ಮೆ ಮೆಕ್ಯಾನಿಕ್ ಬಂದರೆ ಅವರ ಕೂಲಿ, ಇಂಥ ಖರ್ಚಿಗೆ ಆಗ ಸಾಲ ಕೇಳಬೇಕಾಗಿಲ್ಲ.

ಕೊನೆಯದಾಗಿ, ಮಷೀನಿನ ಪಕ್ಕ ಒಂದು ನೂರು ಪುಟದ ಪುಸ್ತಕ ತೂಗುಹಾಕಿ. ತಾರೀಖು, ಬೆಳಗಿನ ಎರಡೂ ಮುಳ್ಳು, ಯಾರು ತೊಳೆದರು, ಏನು ಬದಲಿಸಿದರು ಅಂತ ನಾಲ್ಕು ಗೆರೆ ಬರೆಯಿರಿ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಕಡೂರು ಕಡೆಯ ಆ ಕ್ಯಾಂಟೀನಿನಲ್ಲಿ ಅಂದಿನಿಂದ ಇಂಥ ಪುಸ್ತಕ ಇದೆ. ಈಗ ಅದನ್ನು ನೋಡಿಕೊಳ್ಳುತ್ತಿರುವುದು, ಸಂಘ ಬಿಡುತ್ತೇನೆ ಅಂದಿದ್ದ ಅದೇ ತಂಗಿ. ವಾಷರ್ ಬದಲಿಸುವುದನ್ನು ಇನ್ನೂ ಎರಡು ಸಂಘದವರಿಗೆ ಅವರೇ ಕಲಿಸಿದ್ದಾರೆ. ಇವತ್ತು ಊಟದ ನಂತರ ನಿಮ್ಮ ಕೈಯಲ್ಲಿ ಜಾಲರಿ ಬಿಚ್ಚಿಸುವವರೂ ಅವರೇ. ಮುಂದಿನ ಸಾಲಿನಲ್ಲಿ ನಾಚಿಕೊಂಡು ಕೂತಿದ್ದಾರೆ.

ನಾವು ಮನುಷ್ಯರು. ಒತ್ತಡ ನಮ್ಮೊಳಗೂ ಏರುತ್ತದೆ. ಕಂತಿನ ದಿನ ಹತ್ತಿರ ಬಂದಾಗ, ಗಿರಾಕಿ ಬೈದಾಗ, ಸಿಟ್ಟು ಪಕ್ಕದವಳ ಮೇಲೆ ಹೋಗುತ್ತದೆ. ಆಗ "ಯಾರ ತಪ್ಪು?" ಅನ್ನುವ ಮೊದಲು "ಏನು ಬದಲಾಯ್ತು?" ಅಂತ ಕೇಳಿ. ತಪ್ಪು ಮಾಡಿದವರು ಹೇಳಿಕೊಳ್ಳಲು ಹೆದರದಂಥ ಸಂಘ ಕಟ್ಟಿ. ಮಷೀನೂ ಉಳಿಯುತ್ತದೆ, ಮನಸ್ಸೂ ಉಳಿಯುತ್ತದೆ.

ದೇವರು ನಿಮ್ಮ ಕೈಕೆಲಸವನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ. ಈಗ ಊಟಕ್ಕೆ ಏಳೋಣ. ಆಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರೂ ಮಷೀನಿನ ಹತ್ತಿರ ಬನ್ನಿ.